ಗಿರೀಶ ತಂದಿಟ್ಟ ಗಿಟಾರ್

ಕಳೆದ ವರ್ಷ ಗಣೇಶನ ಹಬ್ಬ ಮುಗಿದು ಒಂದು ವಾರವಾಗಿತ್ತು. ಬನಶಂಕರಿ ಎರಡನೇ ಹಂತದಲ್ಲಿ ಗೆಳತಿಯೊಬ್ಬಳನ್ನು ನೋಡಿಕೊಂಡು ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದೆ. ಮಧ್ಯಾಹ್ನ ಸುರಿದ ಮಳೆಗೆ ಅಡ್ಡರಸ್ತೆಯ ಶಾಮಿಯಾನ ನೆನೆದು ಇನ್ನೂ ತೊಟ್ಟಿಕ್ಕುತ್ತಿತ್ತು. ಒದ್ದೆ ಶಾಮಿಯಾನಕ್ಕೆ ಅದರದೇ ಒಂದು ವಾಸನೆ. ಹಳೆಯ ಬಟ್ಟೆ, ಧೂಳು, ಕರ್ಪೂರ, ಜನರೇಟರಿನ ಡೀಸೆಲ್ಲು ಎಲ್ಲವೂ ಅದರಲ್ಲಿ ಕಲೆತಿರುತ್ತದೆ. ವೇದಿಕೆಯ ಮೇಲೆ ಸಂಜೆಯ ಆರ್ಕೆಸ್ಟ್ರಾಗೆ ಹುಡುಗರು ವೈರು ಎಳೆಯುತ್ತಿದ್ದರು. ಒಬ್ಬ ಕುರ್ಚಿಯ ಮೇಲೆ ಕೂತು ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದ. ನನ್ನ ಕಾಲು ತಾನಾಗಿ ಆ ಕಡೆ ತಿರುಗಿತು. ಖಾಲಿ ಕುರ್ಚಿಗಳ ನಡುವೆ ದಾಟಿ ಹೋಗಿ, ಬಗ್ಗಿ, ಆ ಗಿಟಾರಿನ ಕೆಳಗಿನ ಅಂಚನ್ನು ನೋಡಿದೆ.

“ಏನ್ ಬೇಕಿತ್ತು ಆಂಟಿ?” ಎಂದ ಅವನು.

“ಏನಿಲ್ಲಪ್ಪ. ನಮ್ಮನೇದೇನೋ ಅನ್ಕೊಂಡೆ.”

ಅವನು ನಕ್ಕ. ನಗುವಂಥದ್ದೇ. ಐವತ್ತು ದಾಟಿದ ಹೆಂಗಸು ಕೈಯಲ್ಲಿ ಛತ್ರಿ ಹಿಡಿದು ಗಿಟಾರಿನ ತಳ ಹುಡುಕುತ್ತಿದ್ದರೆ ಯಾರಿಗಾದರೂ ನಗು ಬರುತ್ತದೆ. ಆದರೆ ನನಗೆ ಇದು ಬಹಳ ವರ್ಷಗಳ ಅಭ್ಯಾಸ. ಮದುವೆ ಮನೆಯಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ, ಟೀವಿಯಲ್ಲಿ ಕೂಡ, ಹಳೆಯ ಗಿಟಾರ್ ಕಂಡರೆ ಕಣ್ಣು ಅದರ ಕೆಳಗಿನ ಅಂಚಿಗೇ ಹೋಗುತ್ತದೆ. ಅಲ್ಲಿ ಹುಣಿಸೆಬೀಜದಷ್ಟು ಮರ ಕಿತ್ತುಹೋಗಿರಬೇಕು. ಇರುವುದಿಲ್ಲ.

ನಾನು ಹುಡುಕುವ ಆ ಗಿಟಾರ್ ನನ್ನ ಅಪ್ಪನದು. ಮೈಸೂರು ರಸ್ತೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಅವರಿಗೆ ಕೆಲಸ. ಆದರೆ ತ್ಯಾಗರಾಜನಗರದಿಂದ ಜೆ.ಪಿ. ನಗರದ ತನಕ ಅವರನ್ನು ಜನ ಗುರುತಿಸುತ್ತಿದ್ದದ್ದು ‘ಗಿಟಾರ್ ಮೂರ್ತಿ’ ಎಂದು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ಕೊನೆಯವರೆಗೆ, ಅಂದರೆ ಸುಮಾರು ಮೂರು ತಿಂಗಳು, ಬೆಂಗಳೂರಿನ ಆರ್ಕೆಸ್ಟ್ರಾಗಳಿಗೆ ಸುಗ್ಗಿ. ಆ ಮೂರು ತಿಂಗಳು ಅಪ್ಪ ಡ್ಯೂಟಿ ಮುಗಿಸಿ ನೇರ ವೇದಿಕೆಗೆ ಹೋಗುತ್ತಿದ್ದರು. ನಾನು ಹುಟ್ಟುವ ಹಿಂದಿನ ವರ್ಷ ರಿಚ್ಮಂಡ್ ಟೌನಿನ ಒಬ್ಬ ಆಂಗ್ಲೋ ಇಂಡಿಯನ್ ಮುದುಕರು ಮಕ್ಕಳ ಜೊತೆ ಆಸ್ಟ್ರೇಲಿಯಾಕ್ಕೆ ಹೊರಟಾಗ ಈ ಗಿಟಾರನ್ನು ಅಪ್ಪನಿಗೆ ಕೊಟ್ಟು ಹೋಗಿದ್ದರು. ಜೇನಿನ ಬಣ್ಣದ ಮರ. ಅದರ ದಪ್ಪ ತಂತಿ ಮೀಟಿದರೆ ನಾದ ನಿಲ್ಲಲು ಬಹಳ ಹೊತ್ತು ಬೇಕಾಗುತ್ತಿತ್ತು. ಅಮ್ಮ ಅಡುಗೆಮನೆಯಿಂದ, “ಸಾಕು, ಸ್ಟೀಲ್ ಡಬ್ಬ ಎಲ್ಲಾ ನಡುಗ್ತಿದಾವೆ” ಎನ್ನುತ್ತಿದ್ದಳು.

ತೊಂಬತ್ತೊಂಬತ್ತನೇ ಇಸವಿಯ ಯುಗಾದಿ ಕಳೆದ ಮರುವಾರ, ಬೆಳಗ್ಗೆ ಹಲ್ಲುಜ್ಜುತ್ತಿದ್ದ ಅಪ್ಪನ ಕೈಯಿಂದ ಬ್ರಷ್ ಜಾರಿ ಬಿತ್ತು. ಅವರು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಅವರೂ ಕುಸಿದರು. ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಗಲಿಲ್ಲ, ಕಲಸಿಹೋಯಿತು. ಚಮಚ ಎನ್ನಲು ಹೋಗಿ ಚಪ್ಪಲಿ ಎನ್ನುತ್ತಿದ್ದರು. ಎಲ್ಲಕ್ಕಿಂತ ಕಷ್ಟವಾದದ್ದು ‘ಬೇಡ’ ಎಂಬ ಒಂದು ಮಾತು. ಕಾಫಿ ಕೊಡಲಾ ಎಂದರೆ “ಬೇಡ, ಬೇಡ” ಎನ್ನುತ್ತಲೇ ಎಡಗೈ ಚಾಚಿ ಲೋಟ ತೆಗೆದುಕೊಳ್ಳುತ್ತಿದ್ದರು. ಕಷಾಯ ತಂದರೂ “ಬೇಡ” ಎನ್ನುತ್ತಿದ್ದರು, ಆದರೆ ಅದನ್ನು ಕೈಯಿಂದ ದೂಡುತ್ತಿದ್ದರು.

“ಹೂಂ ಅನ್ನೋದು, ಉಹೂಂ ಅನ್ನೋದು ಎರಡೂ ಕಲಸಿಹೋಗಿದೆ ಅಷ್ಟೆ. ನಿಧಾನಕ್ಕೆ ಸರಿ ಹೋಗುತ್ತಮ್ಮ. ಅಲ್ಲೀವರೆಗೂ ಅವರ ಬಾಯಿ ನೋಡ್ಬೇಡಿ, ಕೈ ನೋಡಿ” ಎಂದಿದ್ದರು ಡಾಕ್ಟರು. ಅಮ್ಮನೂ ನಾನೂ ಹಾಗೇ ಮಾಡಿದೆವು. ಅಪ್ಪನ ಎಡಗೈಯನ್ನು ನೋಡಿಯೇ ಅವರ ಮನಸ್ಸು ತಿಳಿಯುವುದನ್ನು ಕಲಿತೆವು.

ಜೂನ್ ತಿಂಗಳ ಒಂದು ಭಾನುವಾರ ಅಪ್ಪ ಬೀರುವಿನ ಮೇಲಿದ್ದ ಕಪ್ಪು ಪೆಟ್ಟಿಗೆಯತ್ತ ಕೈ ತೋರಿಸಿದರು. ಇಳಿಸಿ, ಗಿಟಾರ್ ತೆಗೆದು ಅವರ ತೊಡೆಯ ಮೇಲಿಟ್ಟೆ. ಎಡಗೈ ತಾನಾಗಿಯೇ ಗಿಟಾರಿನ ಕತ್ತಿಗೆ ಹೋಯಿತು. ಬೆರಳುಗಳು ಮಡಿಸಿಕೊಂಡು ತಂತಿಗಳ ಮೇಲೆ ಕೂತವು. ಮಾತು ಮರೆತ ಮನುಷ್ಯನ ಬೆರಳಿಗೆ ಎಲ್ಲವೂ ನೆನಪಿತ್ತು. ಮೀಟಬೇಕಾದ ಬಲಗೈ ಮಾತ್ರ ತೊಡೆಯ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಅಪ್ಪ ನನ್ನ ಕಡೆ ನೋಡಿದರು. ನನಗೆ ಸಂಗೀತದ ಗಂಧವಿರಲಿಲ್ಲ. ಪಕ್ಕದಲ್ಲಿ ಕೂತು, ಹೆದರುತ್ತಾ, ಹೆಬ್ಬೆರಳಿನಿಂದ ಆರೂ ತಂತಿಗಳನ್ನು ಎಳೆದೆ. ನಾದ ಎದ್ದಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಈ ಸಲ ಡಬ್ಬಗಳ ಮಾತು ಎತ್ತಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಸೇರಿ ಒಬ್ಬ ವಾದಕನಾಗುತ್ತಿದ್ದೆವು. ಅವರು ಒತ್ತುತ್ತಿದ್ದರು, ನಾನು ಮೀಟುತ್ತಿದ್ದೆ. ನನಗೆ ಆಗ ಇಪ್ಪತ್ತೇಳು. ಜಯನಗರದಲ್ಲಿ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಮದುವೆ ಕಾರ್ಡು, ಕರಪತ್ರಗಳನ್ನು ಟೈಪ್ ಮಾಡುತ್ತಿದ್ದೆ. ಅಪ್ಪನ ಜೊತೆ ಅಷ್ಟು ಹತ್ತಿರ ಅದಕ್ಕೆ ಮುಂಚೆ ಯಾವತ್ತೂ ಕೂತಿರಲಿಲ್ಲ.

ಗಿರೀಶ ಅಪ್ಪನ ಶಿಷ್ಯ. ತಿಲಕ್ ನಗರದವನು, ನನಗಿಂತ ಒಂದು ವರ್ಷ ದೊಡ್ಡವನು. ಹಗಲು ಒಂದು ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದ, ಐದು ವರ್ಷದಿಂದ ಭಾನುವಾರ ತಪ್ಪದೆ ಪಾಠಕ್ಕೆ ಬರುತ್ತಿದ್ದ. ಅವನ ಉಗುರಿನ ಸುತ್ತ ಯಾವಾಗಲೂ ಅಂಟು ಒಣಗಿರುತ್ತಿತ್ತು. ಅಪ್ಪನಿಗೆ ಕಾಯಿಲೆಯಾದ ಮೇಲೂ ಬರುವುದನ್ನು ಬಿಡಲಿಲ್ಲ. ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ, ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದ. ಅವನ ಬಗ್ಗೆ ನನಗೆ ಆಗ ಏನಿತ್ತು ಎಂದು ಈಗ ಹೆಸರಿಟ್ಟು ಹೇಳಲಾರೆ. ಭಾನುವಾರ ಅವನು ಬರುವ ಹೊತ್ತಿಗೆ ತಲೆ ಬಾಚಿ ಹೂ ಮುಡಿದಿರುತ್ತಿದ್ದೆ, ಅಷ್ಟು ನಿಜ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲೇ ನಿಂತ.

“ಶೈಲಾ, ಆರ್ಕೆಸ್ಟ್ರಾದಲ್ಲಿ ಈ ಸಲ ಲೀಡ್ ನುಡಿಸೋದು ನನಗೇ ಕೊಟ್ಟಿದಾರೆ. ಸಾರ್ ಜಾಗ. ಆದ್ರೆ ನನ್ನ ಗಿಟಾರ್ ಕತ್ತು ಸೊಟ್ಟಗಾಗ್ಬಿಟ್ಟಿದೆ, ಶ್ರುತೀನೇ ನಿಲ್ತಿಲ್ಲ. ಸೀಸನ್ ಮುಗಿಯೋವರ್ಗೂ ಸಾರ್‌ದು ಕೊಡ್ತೀರಾ? ಮಗು ಥರ ನೋಡ್ಕೊಳ್ತೀನಿ.”

“ಅಪ್ಪನ್ನ ಕೇಳ್ಬೇಕು” ಎಂದು ಒಳಗೆ ತಿರುಗಿದೆ. ಅಪ್ಪ ಮಂಚದ ಮೇಲೆ ಒರಗಿದ್ದರು. “ಅಪ್ಪ, ಗಿರೀಶ್‌ಗೆ ಗಿಟಾರ್ ಕೊಡ್ಲಾ? ಸೀಸನ್‌ಗೆ?”

“ಬೇಡ. ಬೇಡ, ಬೇಡ” ಎಂದರು ಅಪ್ಪ.

ಗಿರೀಶನ ಮುಖ ಇಳಿದುಹೋಯಿತು. ನಾನು ನಕ್ಕುಬಿಟ್ಟೆ. “ಅಯ್ಯೋ, ಅವರು ಬೇಡ ಅಂದ್ರೆ ಬೇಕು ಅಂತ. ಕಾಫಿಗೂ ಹಂಗೇ ಅಂತಾರೆ” ಎಂದೆ. ಅವನ ಮುಖ ಅರಳಿತು. ಸ್ಟೂಲ್ ಹಾಕಿಕೊಂಡು ಹತ್ತಿ ಪೆಟ್ಟಿಗೆ ಇಳಿಸಿಕೊಟ್ಟೆ.

ಆ ಹೊತ್ತು ಅಪ್ಪನ ಎಡಗೈ ಏನು ಮಾಡುತ್ತಿತ್ತು? ಇದನ್ನು ನಾನು ನನ್ನನ್ನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ನನಗೆ ಗೊತ್ತಿಲ್ಲ. ನಾನು ಅಪ್ಪನ ಕೈ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದವನ ಮುಖ ನೋಡುತ್ತಿದ್ದೆ.

ಆ ವರ್ಷ ಮಳೆ ಹಬ್ಬದುದ್ದಕ್ಕೂ ಬಿಟ್ಟು ಬಿಟ್ಟು ಬಂತು. ಭಾನುವಾರಗಳು ಖಾಲಿಯಾದವು. ಅಪ್ಪ ಒಂದೆರಡು ಸಲ ಬೀರುವಿನ ಮೇಲೆ ಕೈ ತೋರಿಸಿದರು. “ಗಿರೀಶನ ಹತ್ರ ಇದೆ ಅಪ್ಪ, ಬರುತ್ತೆ” ಎಂದೆ. ಹಬ್ಬ ಕಳೆದ ಎರಡನೇ ವಾರ ನಮ್ಮ ರಸ್ತೆಯ ಕೊನೆಯಲ್ಲೇ ಅವರ ಆರ್ಕೆಸ್ಟ್ರಾ ಇತ್ತು. ಸಂಜೆ ಏಳಕ್ಕೆ ಶುರು. ಅಮ್ಮನೂ ನಾನೂ ಅಪ್ಪನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಬಾಲ್ಕನಿಗೆ ತಂದೆವು. ಗಿಟಾರಿನ ನಾದ ಎದ್ದ ಕೂಡಲೇ ಅದು ತಮ್ಮದೇ ಎಂದು ಅಪ್ಪನಿಗೆ ತಿಳಿಯಿತು. ಕುರ್ಚಿಯ ಕೈಯ ಮೇಲೆ ಅವರ ಎಡಗೈ ಬೆರಳುಗಳು ಓಡತೊಡಗಿದವು. ಗಿರೀಶ ಎಲ್ಲೋ ಒಂದು ಕಡೆ ತಪ್ಪಿದಾಗ ಹುಬ್ಬು ಗಂಟಿಕ್ಕಿದರು. ಎರಡು ಗಂಟೆ ಅಲುಗದೆ ಕೂತಿದ್ದರು, ಕಣ್ಣಲ್ಲಿ ನೀರಿತ್ತು. “ನೋಡು, ಕೊಟ್ಟಿದ್ದು ಒಳ್ಳೇದಾಯ್ತು” ಎಂದಳು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಆ ರಾತ್ರಿ ನಾನು ತುಂಬ ಸಂತೋಷದಿಂದ ಮಲಗಿದೆ.

ಸೆಪ್ಟೆಂಬರ್ ಮುಗಿಯಿತು. “ದಸರಾ ಪ್ರೋಗ್ರಾಂಸ್ ಬಂದಿದೆ” ಎಂದ ಗಿರೀಶ. ಅಕ್ಟೋಬರ್ ಮುಗಿಯಿತು. “ರಾಜ್ಯೋತ್ಸವ ಒಂದು ಆಗ್ಲಿ.” ನವೆಂಬರಿನಲ್ಲಿ ಅವನು ಭಾನುವಾರ ಬರುವುದೇ ನಿಂತಿತು. ಡಿಸೆಂಬರಿನ ಒಂದು ಸಂಜೆ ಅಂಗಡಿಯಿಂದ ಬಂದಾಗ ಕಪ್ಪು ಪೆಟ್ಟಿಗೆ ಬೀರುವಿನ ಮೇಲೆ ಕೂತಿತ್ತು.

“ಮಧ್ಯಾಹ್ನ ತಂದಿಟ್ಟು ಹೋದ. ಕಾಫಿ ಕುಡಿಯೋ ಅಂದ್ರೂ ನಿಲ್ಲಲಿಲ್ಲ” ಎಂದಳು ಅಮ್ಮ.

ಭಾನುವಾರ ಬಂತು. ಅಪ್ಪ ಬೆಳಗ್ಗೆಯೇ ಕ್ಷೌರ ಮಾಡಿಸಿಕೊಂಡು ಶುಭ್ರ ಪಂಚೆ ಉಟ್ಟು ಕೂತಿದ್ದರು. ಪೆಟ್ಟಿಗೆ ತೆರೆದೆ. “ಪಾಲಿಶ್ ಮಾಡ್ಸಿದಾನೆ ಕಣೆ, ಹೆಂಗೆ ಫಳಫಳ ಅಂತಿದೆ” ಎಂದಳು ಅಮ್ಮ. ಅದೇ ಜೇನಿನ ಬಣ್ಣ. ಎತ್ತಿದಾಗ ಹಗುರ ಅನ್ನಿಸಿತು, ಬಹಳ ದಿನ ಎತ್ತಿರಲಿಲ್ಲವಲ್ಲ ಅಂದುಕೊಂಡೆ. ಅಪ್ಪನ ತೊಡೆಯ ಮೇಲಿಟ್ಟೆ.

ಅವರ ಎಡಗೈ ಕತ್ತನ್ನು ಹಿಡಿಯಿತು. ನಿಂತಿತು. ಮೇಲಿಂದ ಕೆಳಕ್ಕೆ ಒಮ್ಮೆ ಜಾರಿತು, ಕೆಳಗಿಂದ ಮೇಲಕ್ಕೆ ಇನ್ನೊಮ್ಮೆ. ಕತ್ತಲೆ ಕೋಣೆಯಲ್ಲಿ ಮನೆಯವರ ಕೈ ಎಂದು ಯಾರದೋ ಕೈ ಹಿಡಿದವರ ಹಾಗೆ. ಕೊನೆಗೆ ಬೆರಳು ಮಡಿಸಿ ಒತ್ತಿದರು. ನಾನು ಮೀಟಿದೆ. ಒಣ ಹಲಗೆಯ ಡಬ್ಬಿ ಬಡಿದಂಥ ಶಬ್ದ ಬಂದು ಅಲ್ಲೇ ಸತ್ತಿತು. ಕೆಳಗಿನ ಅಂಚು ನೋಡಿದೆ. ನುಣುಪಾಗಿತ್ತು. ಹುಣಿಸೆಬೀಜದ ಗುರುತಿರಲಿಲ್ಲ.

ಅಪ್ಪ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಆ ನೋಟವನ್ನು ಈಗಲೂ ಬಿಡಿಸಿ ಹೇಳಲಾರೆ. “ಇದು... ಇದು...” ಎಂದರು. ಕೈ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ಅಂಗಡಿಗೆ ರಜೆ ಹಾಕಿ ತಿಲಕ್ ನಗರಕ್ಕೆ ಹೋದೆ. ದಾರಿಯುದ್ದಕ್ಕೂ ಅವನಿಗೆ ಅನ್ನಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದದ್ದು ಅವನ ತಾಯಿ. ನನ್ನನ್ನು ಕಂಡವರೇ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ಬಾರಮ್ಮ, ಬಾ. ಮೊನ್ನೆ ಶುಕ್ರವಾರ ರೈಲು ಹತ್ತಿದ ಕಣಮ್ಮ ಮದ್ರಾಸಿಗೆ. ಯಾವ್ದೋ ಸ್ಟುಡಿಯೋದೋರು ಪ್ರೋಗ್ರಾಂನಲ್ಲಿ ಕೇಳಿ, ಈ ಗಿಟಾರ್ ಸಮೇತ ಬರೋದಾದ್ರೆ ಬಾ ಅಂದ್ರಂತೆ. ನಿಮ್ಮಪ್ಪ ಆಶೀರ್ವಾದ ಮಾಡಿ ಕೊಟ್ಟೇಬಿಟ್ರಂತಲ್ಲ! ಹೆತ್ತ ಮಗನಿಗೂ ಯಾರೂ ಹಂಗೆ ಕೊಡಲ್ಲಮ್ಮ.”

ಅವರ ಕಣ್ಣು ತುಂಬಿತ್ತು. ಗೋಡೆಯ ಮೇಲೆ ಗಿರೀಶನ ಫೋಟೋ ಇತ್ತು, ಅಪ್ಪನ ಗಿಟಾರ್ ಹಿಡಿದು ವೇದಿಕೆಯ ಮೇಲೆ ನಿಂತದ್ದು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಆ ಹೆಂಗಸಿನ ಮುಂದೆ ಹೊರಡಲಿಲ್ಲ. ಅವರು ಕೊಟ್ಟ ಕಾಫಿ ಕುಡಿದೆ. ಕುಂಕುಮ ಇಟ್ಟುಕೊಂಡೆ. “ಒಳ್ಳೇದಾಗ್ಲಿ” ಎಂದು ಹೇಳಿ ಬಂದೆ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಪ್ಪನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೇನೋ. ಅವರು ಮತ್ತೆಂದೂ ಬೀರುವಿನ ಮೇಲೆ ಕೈ ತೋರಿಸಲಿಲ್ಲ. ಒಂದು ಭಾನುವಾರ ನಾನಾಗಿಯೇ, “ಇದರಲ್ಲೇ ನುಡಿಸೋಣ ಅಪ್ಪ” ಎಂದು ಪೆಟ್ಟಿಗೆಗೆ ಕೈ ಹಾಕಿದೆ. ಅವರು ಗೋಡೆಯ ಕಡೆ ಮಗ್ಗುಲಾದರು. ನಮ್ಮಿಬ್ಬರ ವಾದನ ಅಲ್ಲಿಗೆ ಮುಗಿಯಿತು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಅಮ್ಮ ಅವರಿಗೆ ಊಟ ಮಾಡಿಸುತ್ತಿದ್ದಳು, ರೇಡಿಯೋದಲ್ಲಿ ಯಾವುದೋ ಹೊಸ ಸಿನಿಮಾದ ಹಾಡು ಶುರುವಾಯಿತು. ಹಾಡಿಗೆ ಮುಂಚೆ ನಾಲ್ಕು ಸಾಲು ಬರೀ ಗಿಟಾರ್. ಅಪ್ಪನ ಬಾಯಿ ನಿಂತಿತು. ಎಡಗೈ ತಟ್ಟೆಯಿಂದ ಎದ್ದು ಗಾಳಿಯಲ್ಲಿ ಬೆರಳು ಮಡಿಸಿತು. “ನಮ್ದು” ಎಂದರು. ಸ್ಪಷ್ಟವಾಗಿ. ಅಮ್ಮ ನನ್ನ ಮುಖ ನೋಡಿದಳು. ನನಗೆ ಹಾಗೇನೂ ಕೇಳಿಸಲಿಲ್ಲ. ಆಮೇಲೆ ಆ ಹಾಡು ಎಲ್ಲೆಲ್ಲೂ ಬಂತು. ಹೋಟೆಲಿನಲ್ಲಿ, ಆಟೋದಲ್ಲಿ, ಜಯನಗರದ ಕ್ಯಾಸೆಟ್ ಅಂಗಡಿಯಲ್ಲಿ. ಆ ನಾಲ್ಕು ಸಾಲು ಶುರುವಾದರೆ ನಾನು ರಸ್ತೆ ದಾಟಿ ಆಚೆ ಹೋಗುತ್ತಿದ್ದೆ.

ಡಾಕ್ಟರು ಹೇಳಿದ್ದು ನಿಜವಾಯಿತು. ಒಂದೂವರೆ ವರ್ಷದಲ್ಲಿ ಅಪ್ಪನ ಮಾತು ಸಾಕಷ್ಟು ನೆಟ್ಟಗಾಯಿತು. ಹೂಂ ಎಂದರೆ ಹೂಂ, ಬೇಡ ಎಂದರೆ ಬೇಡ. ಆಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ಆ ನಾಲ್ಕು ವರ್ಷದಲ್ಲಿ ನನ್ನ ಮದುವೆ ನೋಡಿದರು, ಮೊಮ್ಮಗಳನ್ನು ಎಡಗೈಯಲ್ಲಿ ಎತ್ತಿಕೊಂಡರು, ಪೇಪರಿನ ಸುದ್ದಿಗೆಲ್ಲ ಜಗಳವಾಡಿದರು. ಆ ಮಧ್ಯಾಹ್ನ ನೀವು ಹೇಳಿದ್ದು ಏನು ಅಪ್ಪ, ಎಂದು ನಾನು ಯಾವ ದಿನ ಬೇಕಾದರೂ ಕೇಳಬಹುದಿತ್ತು. ಕೇಳಲಿಲ್ಲ. ಬೇಡ ಅಂತಲೇ ಹೇಳಿದ್ದೆ ಎಂದುಬಿಟ್ಟರೆ ಆಮೇಲೆ ಆ ಮನೆಯಲ್ಲಿ ನಾನು ಹೇಗಿರುವುದು? ಅವರೂ ಆ ಮಾತು ಎತ್ತಲಿಲ್ಲ. ಒಂದೇ ಒಂದು ಸಲ, ನನ್ನ ಮಗಳ ಹೆಸರಿಡುವ ದಿನ, “ಗಿರೀಶ ಎಲ್ಲಿದಾನೋ” ಎಂದರು. ನಾನು ಎಲೆ ಹಾಕುವ ಗಡಿಬಿಡಿಯಲ್ಲಿದ್ದವಳ ಹಾಗೆ ಒಳಗೆ ಹೋದೆ.

ಅಪ್ಪ ತೀರಿಕೊಂಡ ಮರುವರ್ಷ ನಾನು ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ನನ್ನದೇ ಡಿ.ಟಿ.ಪಿ. ಅಂಗಡಿ ಹಾಕಿದೆ. ಅಲ್ಲಿಗೆ ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬೋಳುತಲೆಯ ಒಬ್ಬ ಕರಪತ್ರ ಮಾಡಿಸಲು ಬಂದ. ಕೈಬರಹದ ಹಾಳೆ ಚಾಚಿದ. ಉಗುರಿನ ಸುತ್ತ ಅಂಟು ಒಣಗಿದ್ದ ಆ ಕೈಯನ್ನು ನೋಡಿ ನನಗೆ ಗಿರೀಶನ ಗುರುತು ಸಿಕ್ಕಿತು. ಅವನಿಗೂ ಅದೇ ಕ್ಷಣ ಸಿಕ್ಕಿತೆಂದು ಕಾಣುತ್ತದೆ.

“ಶೈಲಾ ಅವ್ರಾ?” ಎಂದ. ಹಾಳೆ ವಾಪಸ್ ಎಳೆದುಕೊಳ್ಳಲು ಹೋದ.

“ಕೂತ್ಕೊಳ್ಳಿ” ಎಂದೆ.

ಕೂತ. ನಾನು ಟೈಪ್ ಮಾಡಲು ಶುರುಮಾಡಿದೆ. ‘ಗಿಟಾರ್ ತರಗತಿಗಳು. ಮಕ್ಕಳಿಗೂ ದೊಡ್ಡವರಿಗೂ. ಬಿ.ಟಿ.ಎಂ. ಲೇಔಟ್.’ ನಾನು ಕೇಳದೆಯೇ ಅವನು ಮಾತಾಡತೊಡಗಿದ.

“ಎರಡು ವರ್ಷ ನುಡಿಸ್ದೆ ಅದರಲ್ಲಿ. ಆಮೇಲೆ ಕೀಬೋರ್ಡ್‌ನೋರೇ ಎಲ್ಲಾ ಮಾಡೋಕೆ ಶುರು ಮಾಡಿದ್ರು, ನಮ್ಮಂಥೋರಿಗೆ ಕರೆ ಬರೋದು ನಿಂತೋಯ್ತು. ವಾಪಸ್ ಕೊಡೋಣ ಅಂತ್ಲೇ ರೈಲು ಹತ್ತಿದ್ದೆ. ಜೋಲಾರ್‌ಪೇಟೆಲಿ ನೀರು ಹಿಡಿಯೋಕೆ ಇಳಿದೆ. ಬಂದು ನೋಡಿದ್ರೆ ಸೀಟ್ ಮೇಲಿಲ್ಲ. ದೇವ್ರಾಣೆ ಶೈಲಾ. ಬೋಗಿ ಬೋಗಿ ಹುಡುಕ್ದೆ.”

ನಂಬಿದೆನೋ ಇಲ್ಲವೋ, ಇವತ್ತಿಗೂ ತೀರ್ಮಾನವಾಗಿಲ್ಲ.

“ಮದ್ರಾಸಿಗೆ ತಗೊಂಡು ಹೋಗೋಕೆ ಯಾರ್ನ ಕೇಳಿದ್ರಿ?” ಎಂದೆ.

“ಸಾರ್‌ನೇ ಕೇಳ್ದೆ. ನವೆಂಬರ್‌ನಲ್ಲಿ, ನೀವು ಅಂಗಡಿಗೆ ಹೋಗಿದ್ರಿ, ಅಮ್ಮ ಟೆರೇಸ್ ಮೇಲಿದ್ರು. ಎಲ್ಲಾ ಹೇಳಿ, ತಗೊಂಡು ಹೋಗ್ಲಾ ಸಾರ್ ಅಂದೆ. ಬೇಡ ಬೇಡ ಅಂದ್ರು.” ಅವನು ನನ್ನ ಮುಖ ನೋಡಿದ. “ನೀವೇ ಹೇಳಿದ್ರಲ್ಲ, ಬೇಡ ಅಂದ್ರೆ ಬೇಕು ಅಂತ.”

ಅಂಗಡಿಯ ಫ್ಯಾನು ತಿರುಗುತ್ತಿತ್ತು.

“ಕೈ?” ಎಂದೆ. “ಅವರ ಎಡಗೈ ಏನ್ ಮಾಡ್ತಿತ್ತು?”

“ನನ್ನ ಕೈ ಹಿಡ್ಕೊಂಡಿದ್ರು. ಗಟ್ಟಿಯಾಗಿ. ಬಿಡ್ಲೇ ಇಲ್ಲ. ನಾನೇ ಬಿಡಿಸ್ಕೊಂಡು ಬಂದೆ.”

“ಮತ್ತೆ ಆ ಇನ್ನೊಂದು ಗಿಟಾರ್ ಯಾಕೆ ತಂದಿಟ್ರಿ?”

“ಸಾರ್‌ಗೆ ಭಾನುವಾರ ಏನಾದ್ರೂ ಇರ್ಲಿ ಅಂತ...” ಎಂದು ಶುರುಮಾಡಿದವನು ತಲೆ ತಗ್ಗಿಸಿದ. “ಇಲ್ಲ. ನಿಮಗೆ ಗೊತ್ತಾಗ್ಬಾರ್ದು ಅಂತ.”

ಅವನ ಮೇಲೆ ಕೂಗಾಡಲು ನನಗೆ ಬಾಯಿರಲಿಲ್ಲ. ನಾನು ಯಾವ ಮಾತಿಗೆ ನನಗೆ ಬೇಕಾದ ಅರ್ಥ ಹಚ್ಚಿದ್ದೆನೋ, ಅವನೂ ಅದಕ್ಕೇ ಹಚ್ಚಿದ್ದ. ಹಚ್ಚುವುದನ್ನು ಅವನಿಗೆ ಕಲಿಸಿದವಳು ನಾನು.

“ಸಾರ್‌ನ ನೋಡ್ಬೇಕು ಶೈಲಾ” ಎಂದ. “ಎಷ್ಟು ಸಲ ನಿಮ್ಮ ರಸ್ತೆ ತನಕ ಬಂದು ವಾಪಸ್ ಹೋಗಿದೀನಿ. ಈ ಭಾನುವಾರ ಬರ್ಲಾ? ಬೈದ್ರೆ ಬೈಸ್ಕೊಳ್ತೀನಿ.”

ನಾನು ಪರದೆಯ ಕಡೆ ತಿರುಗಿದೆ. ಹಾಳೆಯ ಕೊನೆಯ ಸಾಲು ಉಳಿದಿತ್ತು. ‘ಕಲಿಸುವವರು: ಗಿರೀಶ್, ಶ್ರೀ ಗಿಟಾರ್ ಮೂರ್ತಿಯವರ ಶಿಷ್ಯರು.’ ಅವನು ಬರೆದಂತೆಯೇ ಟೈಪ್ ಮಾಡಿದೆ. ಆಮೇಲೆ ಹಿಂದಕ್ಕೆ ಹೋಗಿ ‘ಶ್ರೀ’ ಅಳಿಸಿದೆ. ಆ ಜಾಗದಲ್ಲಿ ‘ದಿವಂಗತ’ ಎಂದು ಹಾಕಿದೆ.

ಅವನು ಪರದೆಯನ್ನೇ ನೋಡುತ್ತಿದ್ದ. ತುಟಿ ಅಲುಗಿಸುತ್ತಾ ಒಂದೊಂದೇ ಪದ ಓದುತ್ತಿದ್ದವನು ಅಲ್ಲಿಗೆ ಬಂದು ನಿಂತ.

“ಯಾವಾಗ?” ಎಂದ.

ಹೇಳಿದೆ.

“ಆ ಸಾಲು ತೆಗೆದುಬಿಡಿ. ನನಗೆ ಯೋಗ್ಯತೆ ಇಲ್ಲ” ಎಂದ.

“ಇರ್ಲಿ” ಎಂದೆ. “ಅವರಿಗೆ ಬೇರೆ ಶಿಷ್ಯರು ಯಾರೂ ಇರ್ಲಿಲ್ಲ.”

ಪ್ರಿಂಟ್ ಒತ್ತಿದೆ. ಒಂದೊಂದೇ ಹಾಳೆ ಹೊರಗೆ ಬರತೊಡಗಿತು. ಅವನು ಎದ್ದು ನಿಂತು, ಬಿಸಿ ಬಿಸಿಯಾಗಿ ಬಂದ ಪ್ರತಿ ಹಾಳೆಯನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ಮೇಲೆ ಅಂಚಿಗೆ ಅಂಚು ಸೇರಿಸಿ ಜೋಡಿಸುತ್ತಾ ಹೋದ.